ಕುಂಕುಮವಿಲ್ಲದ ನಳಿಕೆ

ಹತ್ತು ಗುಂಡು ತುಂಬುವ ಬಂದೂಕು ಗುರಿಯಿಲ್ಲದವರ ಆಟಿಕೆ. ಬಸವಂತರಾಯರ ಹಳೆಯ ಪಾಯಿಂಟ್ ಟೂ-ಟೂ ರೈಫಲ್ ಹಾಗಲ್ಲ. ಒಂದೇ ಗುಂಡು, ಕೈಯಾರೆ ಇಡಬೇಕು, ಯೋಚಿಸಿ ಹೊಡೆಯಬೇಕು. ಪ್ರತಿ ವರ್ಷ ದಸರೆಯ ಖಂಡೆಪೂಜೆಗೆ ಮುಂಚೆ ಅವರು ಅದನ್ನು ಮಲಾಡಿನಿಂದ ಗ್ರಾಂಟ್ ರೋಡಿನ ನನ್ನ ರಿಪೇರಿ ಅಂಗಡಿಗೆ ತರುತ್ತಾರೆ. ಅದನ್ನು ಪೂಜಿಸುತ್ತಾರೆಯೇ ಹೊರತು ಎಂದೂ ಹೊಡೆಯುವುದಿಲ್ಲ. ನಳಿಕೆಯ ಬಾಯಲ್ಲಿ ಹೋದ ವರ್ಷದ ಕುಂಕುಮ ಒಣಗಿ ಕೂತಿರುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದು ಬೈಯುತ್ತಲೇ ಒರೆಸುತ್ತೇನೆ.

ಈ ಸಲ ಕುಂಕುಮವೇ ಇರಲಿಲ್ಲ. ಒಳಗೆ ತೂರಿಸಿದ ಬಿಳಿ ಬಟ್ಟೆ ಕಪ್ಪಾಗಿ ಹೊರಬಂತು. ಸುಟ್ಟ ಮದ್ದಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಎಲ್ಲಿ ಹೊಡದ್ರಿ, ರಾಯರೇ?"

"ನಾ ಮುಟ್ಟೇ ಇಲ್ಲ, ಗನಿಸಾಬ. ತಿಂಗಳಿಡೀ ಊರಿಗೆ ಹೋಗಿದ್ದೆ."

"ಕಪಾಟಿನ ಕೀಲಿ?"

"ದೇವರ ಜಗಲಿ ಮ್ಯಾಲ ಇರ್ತದ."

"ಮನ್ಯಾಗ ಯಾರಿದ್ರು?"

"ನನ್ನ ಹೆಂಡ್ತಿ ಒಬ್ಬಾಕಿನ," ಎಂದು ರಾಯರು ನಕ್ಕರು. "ಆಕಿಗೆ ಈ ಬಂದೂಕ ಕಂಡ್ರ ಆಗೂದಿಲ್ಲ. ಈ ವರ್ಷ ಏನು ಭಕ್ತಿ ಬಂತೋ, ಇವತ್ತ ನಾ ಹೊರಡೂ ಮುಂದ ತಾನಾಗೇ ಕೇಳಿದ್ಲು, ಸಂಜೀಕ ತಯಾರಾಗಿ ಬರ್ತದಲ್ಲ ಅಂತ."