ಹಿಂದಕ್ಕೆ ಹೋದ ಮೂಗು

ಗಾಳಿ ಪೆಟ್ರೋಲು ಕುಡಿಯುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಎಪ್ಪತ್ತನಾಲ್ಕರ ಆಷಾಢದಲ್ಲಿ ನಗುವ ಸ್ಥಿತಿ ನನ್ನದಾಗಿರಲಿಲ್ಲ. ಚಿತ್ರದುರ್ಗದ ಪರಮೇಶ್ವರಪ್ಪ ಸಾಹುಕಾರರ ಅಂಬಾಸಿಡರ್ ಟ್ಯಾಕ್ಸಿಯನ್ನು ಹನ್ನೊಂದು ವರ್ಷ ಓಡಿಸಿದವನು ನಾನು, ಓಬಯ್ಯ. ಪೆಟ್ರೋಲಿನ ಬೆಲೆ ಏರಿದ್ದೇ ತಡ, ಒಂದು ಸೋಮವಾರ ಸಾಹುಕಾರರು ಕರೆದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

“ನೋಡಪ್ಪ ಓಬಯ್ಯ, ಹಿರಿಯೂರಿಗೆ ಹೋಗಿ ಬರಾಕೆ ಈ ಗಾಡಿ ಒಂಬತ್ತು ಲೀಟರ್ ಕುಡೀತೈತೆ. ಶುಕ್ರವಾರ ಖಾಲಿ ಟ್ಯಾಂಕಿಗೆ ಎಂಟೇ ಲೀಟರ್ ಹಾಕಿಸ್ತೀನಿ. ಹೋಗಿ ಬಂಕಿಗೆ ವಾಪಸ್ ಬಂತೋ, ಸರಿ. ಇಲ್ಲಾಂದ್ರೆ ಗಾಡಿ ಮಾರ್ತೀನಿ. ನೀನು ಗೋಡೌನಿಗೆ ಬಂದು ಮೂಟೆ ಹೊರು.”

ಮೂಟೆ! ಖಾಕಿ ಅಂಗಿ ತೊಟ್ಟ ಮೇಲೆ ಅಪ್ಪನ ಕುರಿಗಳನ್ನೇ ಮುಟ್ಟದವನು ನಾನು. ಆ ಸ್ಟೇರಿಂಗ್ ಬಿಟ್ಟರೆ ನನಗೆ ಬೇರೆ ಮರ್ಯಾದೆ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಅವತ್ತೇ ನಾನು ಹೊಳಲ್ಕೆರೆಗೆ ಬಿಟ್ಟ ಕಾಲೇಜು ಮೇಷ್ಟ್ರೊಬ್ಬರು, “ಗಾಡಿ ಗಾಳೀನ ತಳ್ಕೊಂಡು ಹೋಗ್ಬೇಕಲ್ಲಪ್ಪ, ಅರ್ಧ ಪೆಟ್ರೋಲು ಅದಕ್ಕೇ ಹೋಗುತ್ತೆ” ಅಂದರು. ಹಾಗಾದರೆ ಗಾಳಿಯನ್ನು ಸೀಳಬೇಕು, ಇನ್ನೇನು? ಮರುದಿನ ಟಿಂಕರ್ ಕಾಟಲಿಂಗಪ್ಪನ ಹತ್ತಿರ ತಗಡಿನಲ್ಲಿ ಉದ್ದದ ಚೂಪು ಮೂಗು ಮಾಡಿಸಿ ಗಾಡಿಯ ಮುಂದೆ ಕೂರಿಸಿದೆ. ಬುಧವಾರ ಹಿರಿಯೂರಿನ ಕಡೆ ಹೊರಟರೆ, ಐಮಂಗಲ ಬರುವಷ್ಟರಲ್ಲಿ ರೇಡಿಯೇಟರ್ ಕೊತಕೊತ ಕುದಿಯತೊಡಗಿತು. ಮೂಗು ಗಾಳಿಯ ದಾರಿಯನ್ನೇ ಮುಚ್ಚಿತ್ತು. ತಗಡಿಗೆ ತೂತು ಹೊಡೆದು, ನೀರು ಸುರಿಯುತ್ತ ಹೋಗಿ ಬಂದು ಅಳೆದರೆ ಒಂಬತ್ತೂಕಾಲು ಲೀಟರ್! ಮೊದಲಿಗಿಂತ ಜಾಸ್ತಿ! ತಲೆ ಕೆಟ್ಟುಹೋಯಿತು. ಚೂಪಾದದ್ದು ಸೀಳುವುದಿಲ್ಲ ಅಂದರೆ ಇನ್ಯಾವುದು ಸೀಳುತ್ತದೆ?

ಮನೆಗೆ ಬಂದರೆ ಜಗಲಿಯ ಮೇಲೆ ಜುಂಜಯ್ಯ ಕೂತಿದ್ದ. ನನ್ನ ಹೆಂಡತಿ ಚಿತ್ತಮ್ಮನ ತಮ್ಮ, ಜೋಗಿಮಟ್ಟಿಯ ಬುಡದಲ್ಲಿ ಕುರಿ ಮೇಯಿಸುವವನು. ಕುರಿ ವಾಸನೆ ಹತ್ತುತ್ತದೆ ಅಂತ ಒಂದು ದಿನವೂ ಅವನನ್ನು ಗಾಡಿಗೆ ಹತ್ತಿಸಿದವನಲ್ಲ ನಾನು. ಅವನು ಗಾಡಿಯನ್ನು ಎರಡು ಸುತ್ತು ಹಾಕಿ ಹಿಂದಿನ ಗಾಜಿನ ಮೇಲೆ ಬೆರಳಾಡಿಸಿದ.

“ಬಾವ, ಗಾಳಿ ಮುಂದ್ಲಿಂದ ಹೊಡೀತೈತೆ ಅಂತೀಯ. ಧೂಳು ಯಾಕೆ ಹಿಂದೆ ಕುಂತೈತೆ?”

“ನಿನ್ ತಲೆ! ಹೋಗಲೇ, ಕುರಿ ಎಣಿಸ್ಕ ಹೋಗು.”

ಬೈದೆನೇನೋ ನಿಜ, ಆದರೆ ರಾತ್ರಿಯೆಲ್ಲ ಆ ಧೂಳೇ ಕಣ್ಣಿಗೆ ಕಟ್ಟಿತ್ತು. ಬೆಳಿಗ್ಗೆ ಎದ್ದು ನೋಡುತ್ತೇನೆ, ಈ ಪುಣ್ಯಾತ್ಮ ಕಂಬಳಿ ನೂಲಿಗೆ ಹಚ್ಚುವ ಹುಣಸೆಬೀಜದ ಅಂಟುಸರಿ ಬಳಿದು ಗಾಡಿಯ ತುಂಬ ಉಣ್ಣೆಯ ಎಳೆ ಅಂಟಿಸುತ್ತಿದ್ದಾನೆ! ಬಾನೆಟ್ಟು, ಟಾಪು, ಡಿಕ್ಕಿ, ಒಂದನ್ನೂ ಬಿಟ್ಟಿರಲಿಲ್ಲ.

“ಅಯ್ಯೋ ಶನಿ! ಏನಲೇ ಇದು?”

“ಗುಡ್ಡದ್ ಮ್ಯಾಲೆ ಗಾಳಿ ಎತ್ತಕಡೆ ಅಂತ ಉಣ್ಣೆ ಹಿಡ್ದೇ ನೋಡೋದು ನಾವು. ಹೋಗಾಣ ನಡಿ ಬಾವ.”

ಮಾರನೆಯ ದಿನವೇ ಶುಕ್ರವಾರ, ನನಗೆ ಬೇರೆ ದಾರಿ ಇರಲಿಲ್ಲ. ಜುಂಜ ಹಿಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಮಂಡಿಯೂರಿದ. ಅರವತ್ತರ ಸ್ಪೀಡಿನಲ್ಲಿ ಬಾನೆಟ್ಟಿನ ಉಣ್ಣೆ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿತು. ಮೇಲಿನ ಕ್ಯಾರಿಯರಿನ ಉಣ್ಣೆ ಪಟಪಟ ಬಡಿದಾಡಿತು.

“ಬಾವ! ಡಿಕ್ಕಿ ಮೇಲಿನ ಉಣ್ಣೆ ಮುಂದಕ್ಕೆ ತಿರುಗೈತೆ! ಗಾಜಿನ ಕಡೀಕೇ ಬರ್ತೈತೆ!”

ಗಾಡಿ ಮುಂದಕ್ಕೆ ಹೋಗುವಾಗ ಉಣ್ಣೆಯೂ ಮುಂದಕ್ಕೆ ಹೋಗುವುದುಂಟೇ? ಕನ್ನಡಿಯಲ್ಲಿ ನೋಡಿದೆ, ಹೌದು, ನಮ್ಮ ಕಡೆಗೇ ಬಾಗಿತ್ತು. ಕನ್ನಡಿಯಲ್ಲವೇ, ಉಲ್ಟಾ ತೋರಿಸುತ್ತದೆ ಅಂದುಕೊಂಡೆ. ಗಾಡಿ ನಿಲ್ಲಿಸಿ, ಓಡಿಹೋಗಿ ನೋಡಿದರೆ ಉಣ್ಣೆ ಸುಮ್ಮನೆ ನೇತಾಡುತ್ತಿತ್ತು. ಮತ್ತೆ ಹೊರಟರೆ ಮತ್ತೆ ಅದೇ ಕಥೆ. ನಾಲ್ಕು ಸಲ ನಿಲ್ಲಿಸಿದೆ, ನಾಲ್ಕು ಸಲವೂ ನನಗೆ ಏನೂ ಅರ್ಥವಾಗಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಅಳುವಂತಾಯಿತು.

“ಮೂಗು ತೆಗೆದು ಹಿಂದಕ್ಕೆ ಹಾಕು ಬಾವ” ಅಂದ ಜುಂಜ. “ಮ್ಯಾಲಿನ ಕ್ಯಾರಿಯರ್ ಬಿಚ್ಚಾಕು.”

ಯಾಕೆ ಅಂತ ಅವನು ಹೇಳತೊಡಗಿದ. ನಾನು ಅರ್ಧ ಕೇಳಿದೆ, ಅರ್ಧ ಬೈದೆ, ಕೊನೆಗೆ ಬೇರೇನೂ ತೋಚದೆ ಊರಿಗೆ ತಿರುಗಿ ಬಂದು ಅವನು ಹೇಳಿದ್ದನ್ನೇ ಮಾಡಿದೆ. ಕಾಟಲಿಂಗಪ್ಪ ಬಿದ್ದು ಬಿದ್ದು ನಗುತ್ತ ಆ ತೂತು ಮೂಗನ್ನು ಡಿಕ್ಕಿಗೆ ಕೂರಿಸಿ, ಹಿಂದಿನ ಗಾಜಿನ ಕೆಳಗಿನಿಂದ ಮೂಗಿನ ತುದಿಯವರೆಗೆ ತಗಡು ಇಳಿಸಿದ.

ಶುಕ್ರವಾರ ಸಾಹುಕಾರರು ತಾವೇ ಗಾಡಿಯಲ್ಲಿ ಕೂತರು. ಜುಂಜನೂ ಬರುತ್ತೇನೆ ಅಂದ. “ಸಾವ್ಕಾರ್ರು ಇರ್ತಾರೆ, ವಾಸನೆ ಬರ್ತೈತೆ” ಅಂತ ಬಂಕಿನಲ್ಲೇ ಬಿಟ್ಟೆ. ಹಿರಿಯೂರಿನ ಬಸ್ ಸ್ಟಾಂಡಿನಲ್ಲಿ ಜನ ನಮ್ಮ ಗಾಡಿ ಮುಂದಕ್ಕೆ ಹೋಗುತ್ತದೋ ಹಿಂದಕ್ಕೋ ಗೊತ್ತಾಗದೆ ಎರಡು ಕಡೆಯೂ ದಾರಿ ಬಿಟ್ಟರು. ವಾಪಸು ಬರುವಾಗ ಎದುರುಗಾಳಿ. ಐಮಂಗಲ ದಾಟಿದ ಮೇಲೆ ಪೆಟ್ರೋಲಿನ ಮುಳ್ಳು ತಳ ಕಚ್ಚಿತು. ನಾನು ಆಕ್ಸಿಲರೇಟರಿನ ಮೇಲೆ ಕಾಲು ಇಟ್ಟೂ ಇಡದ ಹಾಗೆ ಇಟ್ಟು ಬಂದೆ. ಬಂಕಿನ ಕಟ್ಟೆಗೆ ಮುಂದಿನ ಚಕ್ರ ತಾಗಿದ ಮೇಲೆಯೇ ಎಂಜಿನ್ನು ಕೆಮ್ಮಿ ನಿಂತಿತು.

ಸಾಹುಕಾರರು ಇಳಿದು ಹಿಂದಿನ ಮೂಗನ್ನು ತಟ್ಟಿದರು. “ಭಲೇ! ಯಾರ ತಲೇಲಿ ಹೊಳೀತಪ್ಪ ಇದು?”

ಜುಂಜ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. “ನಂದೇ ಸಾವ್ಕಾರ್ರೆ” ಅಂದೆ. ಬಾಯಿಂದ ಹೇಗೆ ಬಂತೋ ಕಾಣೆ.

“ಹಂಗಾದ್ರೆ ಹೇಳು. ಗಾಳಿ ಮುಂದ್ಲಿಂದ ಬರ್ತೈತೆ, ಮೂಗು ಹಿಂದೆ ಯಾಕೆ?”

ಕನ್ನಡಿ ಅಂದೆ, ಉಣ್ಣೆ ಅಂದೆ, ಬೆವರಿದೆ. ಸಾಹುಕಾರರ ಹುಬ್ಬು ಗಂಟಿಕ್ಕಿತು.

ಆಗ ಜುಂಜ ಮುಂದೆ ಬಂದ. ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಗಾಳಿಗೆ ಎದುರಾಗಿ ನಿಂತ. ಬೆನ್ನ ಹಿಂದೆ ಕಂಬಳಿ ಉಬ್ಬಿ ಅವನನ್ನು ಹಿಂದಕ್ಕೆ ಜಗ್ಗಿತು. ತುದಿಗಳನ್ನು ಹಿಂದೆ ಒಂದೇ ಕಡೆ ಸಣ್ಣಗೆ ಸೇರಿಸಿ ಹಿಡಿದ, ಜಗ್ಗುವುದು ನಿಂತಿತು.

“ಗಾಳಿ ಮುಂದೆ ಹೊಡೆಯೋದ್ಕಿಂತ ಹಿಂದೆ ಎಳೆಯೋದೇ ಜಾಸ್ತಿ ನೋಡ್ರಿ ಸಾವ್ಕಾರ್ರೆ. ಗಾಡಿ ಹಿಂದೆ ಖಾಲಿ ಆದ್ ಜಾಗಕ್ಕೆ ಗಾಳಿ ಸುತ್ತಿ ವಾಪಸ್ ನುಗ್ತೈತೆ, ಅದಕ್ಕೇ ಧೂಳು ಹಿಂದೆ ಕುಂತಿದ್ದು, ಉಣ್ಣೆ ಮುಂದಕ್ಕೆ ತಿರುಗಿದ್ದು. ನಮ್ ಬಾವನೇ ನಂಗೆ ಹೇಳ್ಕೊಟ್ಟಿದ್ದು. ನಿಮ್ ಮುಂದೆ ಮಾತಾಡಾಕೆ ಹೆದರ್ಕಂಡೈತೆ ಅಷ್ಟೆ.”

ಸಾಹುಕಾರರು ನಕ್ಕು, “ಗಾಡಿ ನಿನ್ ಕೈಯಾಗೇ ಇರ್ಲಿ” ಅಂದು ಹೊರಟುಹೋದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೈದವನಿಗೆ ಇವನು ಯಾಕೆ ಹೀಗೆ ಮಾಡಿದ? ಉಣ್ಣೆ ಮುಂದಕ್ಕೆ ತಿರುಗಿದ್ದಾದರೂ ಕೊನೆಗೆ ಅರ್ಥವಾಯಿತು, ಇದು ಆಗಲಿಲ್ಲ.

ಪೆಟ್ರೋಲು ಹಾಕಿಸಿ ಮುಂದಿನ ಬಾಗಿಲು ತೆರೆದೆ. “ಬಾ ಜುಂಜಯ್ಯ, ಕುಂತ್ಕ.”

“ಬ್ಯಾಡ ಬಾವ, ಸೀಟಿಗೆ ವಾಸನೆ ಹತ್ತತೈತೆ.”

“ಹತ್ಲಿ ಕಣಪ್ಪ” ಅಂದೆ. “ನಮ್ಮಪ್ಪಂದೂ ಅದೇ ವಾಸನೆ.”