ಬ್ರೇಕು ಬಿಡುವ ಮೊದಲು

ಮೇಷ್ಟ್ರ ಎಡಗೈಯ ಎರಡು ಬೆರಳು ಜಜ್ಜಿಹೋದ ನಾಲ್ಕನೇ ದಿನ ಅವಳನ್ನು ಕಾರ್ಖಾನೆಗೆ ಕರೆಸಿದರು. ಅವರು ಶಾಲೆಯ ಮೇಷ್ಟ್ರೇನಲ್ಲ. ಇಪ್ಪತ್ತಾರು ವರ್ಷ ಯಂತ್ರ ನಡೆಸಿದವರು. ಹೊಸದಾಗಿ ಸೇರಿದವರಿಗೆಲ್ಲ ಬೇಸರಿಸದೆ ಕೆಲಸ ಕಲಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವಳು ಮೋಟಾರುಗಳನ್ನು ನಿಯಂತ್ರಿಸುವ ಡ್ರೈವ್ ಎಂಬ ಸಾಧನವನ್ನು ಹೊಂದಿಸುವ ಎಂಜಿನಿಯರ್. ಎರಡು ವರ್ಷದ ಹಿಂದೆ ಇದೇ ಯಂತ್ರವನ್ನು ಚಾಲೂ ಮಾಡಿಕೊಟ್ಟಿದ್ದಳು.

ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟರು. "ಒಂದ್ಸಲ ನೋಡ್ಬಿಟ್ಟು ಸಹಿ ಹಾಕಿ. ಯಂತ್ರ ಸರಿಯಾಗಿದೆ, ಕೈ ಹಾಕಿದ್ದೇ ತಪ್ಪು ಅಂತ ಬರೆದಿದೀವಿ. ಮೇಷ್ಟ್ರೂ ಒಪ್ಪಿದಾರೆ."

"ಮೊದ್ಲು ಯಂತ್ರ ನೋಡ್ತೀನಿ ಸರ್."

ಆ ಯಂತ್ರದಲ್ಲಿ ನೂರೆಂಬತ್ತು ಕಿಲೋ ತೂಕದ ಅಚ್ಚೊಂದು ಕಂಬದ ಮೇಲೆ ಏರಿ ಇಳಿಯುತ್ತದೆ. ನಿಂತಿರುವಾಗ ಅದನ್ನು ಬ್ರೇಕು ಹಿಡಿದಿರುತ್ತದೆ, ಓಡುವಾಗ ಮೋಟಾರು. ಚಾಲೂ ಗುಂಡಿ ಒತ್ತಿದರೆ ಮೋಟಾರಿಗೆ ಶಕ್ತಿ ಬರಬೇಕೇ ಹೊರತು ಅಚ್ಚು ಕದಲಬಾರದು. ಇಳಿಸಲು ಬೇರೆಯೇ ಗುಂಡಿಯಿದೆ. ಅಚ್ಚು ಇಳಿಯದೆಂದು ನಂಬಿಯೇ ಮೇಷ್ಟ್ರು ಒಂದು ಕೈಯಲ್ಲಿ ಚಾಲೂ ಗುಂಡಿ ಒತ್ತಿ, ಇನ್ನೊಂದರಿಂದ, ಎರಡು ಬೆರಳಷ್ಟೇ ಮೇಲೆ ನಿಂತಿದ್ದ ಅಚ್ಚಿನ ಕೆಳಗಿನ ಚೂರು ಒರೆಸಲು ಹೋಗಿದ್ದರು.

ಅವಳು ಅಚ್ಚಿನ ಕೆಳಗೆ, ಒಂದು ಗೇಣು ಜಾಗ ಬಿಟ್ಟು, ದಪ್ಪ ಮರದ ದಿಮ್ಮಿಯನ್ನು ಆಸರೆಯಾಗಿ ಇಟ್ಟಳು. ಎಲ್ಲರನ್ನೂ ದೂರ ನಿಲ್ಲಿಸಿ ಗುಂಡಿ ಒತ್ತಿದಳು. ಅಚ್ಚು ಧಡ್ ಎಂದು ಒಂದು ಅಂಗುಲ ಕುಸಿದು, ತಕ್ಷಣ ನಿಂತಿತು.

"ದಿನಾ ಹೀಗೇನಾ?"

"ಬೆಳಿಗ್ಗೆ ಬೆಳಿಗ್ಗೆ ಒಂದ್ಸಲ ಜಗ್ಗುತ್ತೆ," ಎಂದ ಪಕ್ಕದ ಯಂತ್ರದವನು. "ಅದರ ಚಾಳಿನೇ ಹಾಗೆ ಅಂದ್ಕೊಂಡಿದ್ವಿ."

ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಡ್ರೈವಿನ ಹೊಂದಿಕೆಗಳ ಪಟ್ಟಿ ತೆರೆದಳು. ಶಕ್ತಿ ಬಂದ ಎಷ್ಟು ಹೊತ್ತಿಗೆ ಬ್ರೇಕು ಬಿಡಬೇಕು ಎಂಬಲ್ಲಿ ಸೊನ್ನೆ ಇತ್ತು. ಮೋಟಾರು ಭಾರ ಹೊರುವ ಮೊದಲೇ ಬ್ರೇಕು ಕೈಬಿಡುತ್ತಿತ್ತು. ಆ ಸೊನ್ನೆ ಅವಳೇ ಬಿಟ್ಟುಹೋಗಿದ್ದು. ಯಂತ್ರ ಚಾಲೂ ಮಾಡಿಕೊಟ್ಟ ದಿನ ಅಚ್ಚು ಇನ್ನೂ ಬಂದಿರಲಿಲ್ಲ. ಖಾಲಿ ಕಂಬದ ಮೇಲೆ ಪರೀಕ್ಷೆ ಮಾಡಿ, ಅಚ್ಚು ಕೂರಿಸಿದ ಮೇಲೆ ಬಂದು ಸರಿಪಡಿಸುತ್ತೇನೆ ಎಂದುಕೊಂಡು ಹೋಗಿದ್ದಳು. ಆಮೇಲೆ ಬೇರೆ ಕೆಲಸಗಳು ಮೈಮೇಲೆ ಬಿದ್ದವು. ಮರೆತೇಬಿಟ್ಟಳು.

ಕ್ರಮವನ್ನು ಹೊಸದಾಗಿ ಹೊಂದಿಸಿದಳು. ಮೊದಲು ಮೋಟಾರಿಗೆ ಶಕ್ತಿ, ಅದು ಅಚ್ಚಿನ ತೂಕದಷ್ಟು ಬಲ ಹಿಡಿದಿದೆಯೇ ಎಂಬ ಖಾತ್ರಿ, ಆಮೇಲಷ್ಟೇ ಬ್ರೇಕು ಸಡಿಲ. ನಿಲ್ಲಿಸುವಾಗ ಇದರ ತಿರುಗುಮುರುಗು: ಬ್ರೇಕು ಗಟ್ಟಿಯಾಗಿ ಕಚ್ಚಿದ ಮೇಲೆಯೇ ಮೋಟಾರು ಬಿಡಬೇಕು. ಐವತ್ತು ಸಲ ಚಾಲೂ ಮಾಡಿ, ನಿಲ್ಲಿಸಿ ನೋಡಿದಳು. ಅಚ್ಚು ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೂ ಆಸರೆಯ ದಿಮ್ಮಿ ಇಡದೆ ಯಾರೂ ಕೆಳಗೆ ಕೈ ಹಾಕಕೂಡದೆಂದು ಯಂತ್ರದ ಮೇಲೆ ಬರೆದು ಅಂಟಿಸಿದಳು.

ಮ್ಯಾನೇಜರ್ ಮತ್ತೆ ಹಾಳೆ ತಂದರು. ಅವಳು ಅದನ್ನು ಮಡಚಿ ವಾಪಸು ಕೊಟ್ಟಳು. "ತಪ್ಪು ನನ್ನದು ಸರ್. ಬೇರೆ ಹಾಳೆ ಕೊಡಿ, ನಾನೇ ಬರೀತೀನಿ."

"ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ, ಯೋಚ್ನೆ ಮಾಡಿ."

"ಮಾಡಿದೀನಿ."

ಬರೆದುಕೊಟ್ಟು ಸಂಜೆ ಮೇಷ್ಟ್ರ ಮನೆಗೆ ಹೋದಳು. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವರು ಕುರ್ಚಿಯಲ್ಲಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವರ ಹೆಂಡತಿ ಕೇಳಿಸಿಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಾಯಿತು.

ಮೇಷ್ಟ್ರು ದಿಂಬಿನ ಮೇಲಿನ ಕೈಯನ್ನು ಸರಿಸಿಕೊಂಡರು. "ನಾಲ್ಕು ದಿನದಿಂದ ನನಗೇ ನಾನು ಬೈಕೊಳ್ತಿದ್ದೆ ಕಣಮ್ಮ," ಎಂದರು. "ಎಲ್ಲರಿಗೂ ಹೇಳ್ಕೊಡೋನು ನಾನೇ ಬೆಪ್ಪನಾದ್ನಲ್ಲ ಅಂತ. ನಿದ್ದೆನೇ ಹತ್ತಿರಲಿಲ್ಲ."

"ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ, ಮೇಷ್ಟ್ರೇ."

"ಕ್ಷಮಿಸಿದೆ ಅಂತ ಈಗಲೇ ನನ್ನ ಬಾಯಲ್ಲೂ ಬರಲ್ಲ. ಕೂತ್ಕೋ." ಅವರು ಎದುರಿನ ಕುರ್ಚಿ ತೋರಿಸಿದರು. "ಇಂಥಾ ಯಂತ್ರ ಇನ್ನೆಲ್ಲೆಲ್ಲಿ ಹಾಕಿದೀಯ?"

ಅವಳು ಯೋಚಿಸಿದಳು. "ಇನ್ನೆರಡು ಕಡೆ."

"ಹಾಗಾದ್ರೆ ಕೂರ್ಬೇಡ. ಅವರಿಗೆ ಫೋನ್ ಮಾಡಿ ಯಂತ್ರ ನಿಲ್ಸೋಕೆ ಹೇಳು."

ಅವಳು ಅಲ್ಲೇ, ಅವರ ಮುಂದೆಯೇ ಫೋನ್ ಹಚ್ಚಿದಳು.