ಮೀನು ಎಪ್ಪತ್ತಾರು

ಜಯಶೀಲಮ್ಮನವರು ಕಣ್ಣಿನ ಪೊರೆ ತೆಗೆಸಿಕೊಂಡದ್ದು ಒಳ್ಳೆಯ ಕೆಲಸವೇ. ಆದರೆ ಅದರಿಂದ ಪೇಚಿಗೆ ಸಿಕ್ಕಿಕೊಂಡವಳು ಅವರ ಸೊಸೆ ತನುಜಾ. ಅಲ್ಲಿಯವರೆಗೆ ಆ ಮನೆಯಲ್ಲಿ ಜೇಡಗಳಿಗೂ ಭಯವಿರಲಿಲ್ಲ, ಸೊಸೆಗೂ ಭಯವಿರಲಿಲ್ಲ. ಹೊಸ ಕನ್ನಡಕ ಮೂಗಿನ ಮೇಲೆ ಕೂತ ದಿನದಿಂದ ವಿನೋಬನಗರದ ಆ ಮನೆಯ ಮೂಲೆ ಮೂಲೆಯೂ ವಿಚಾರಣೆಗೆ ಒಳಗಾಯಿತು. "ಇಷ್ಟು ವರ್ಷ ಈ ಜಿಡ್ಡಲ್ಲೇ ಬದುಕಿದ್ವಾ ಮಾರಾಯ್ತಿ!" ಎಂದು ಜಯಶೀಲಮ್ಮ ಒಲೆಯ ಹಿಂದಿನ ಗೋಡೆಗೆ ಬೆರಳು ತಾಗಿಸಿ ನೋಡಿದರು. ಅದೇ ಗೋಡೆಯಲ್ಲಿ, ಒಂದು ಮಾರು ಆಚೆಗೆ, ಕ್ಯಾಲೆಂಡರ್ ತೂಗುತ್ತಿತ್ತು. ಅದು ತನುಜಾಳಿಗೆ ಆಗ ನೆನಪಾಗಬೇಕಿತ್ತು, ಆಗಲಿಲ್ಲ.

ತನುಜಾ ಭದ್ರಾವತಿಯ ಹುಡುಗಿ. ಅಪ್ಪ ಹಾಲಸ್ವಾಮಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆ ವರ್ಷದ ವೈಶಾಖದಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದಿದ್ದಳು. ಗಂಡ ಮಲ್ಲಿಕ್ ಬಿತ್ತನೆ ಬೀಜದ ಕಂಪನಿಯೊಂದರ ಸೇಲ್ಸ್ ಕೆಲಸದವನು. ವಾರದಲ್ಲಿ ಹೆಚ್ಚಿನ ದಿನ ಊರೂರು ತಿರುಗಾಟ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಹಾಗಾಗಿ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ಸೊಸೆ, ಮತ್ತೆ ಮಲ್ಲಿಕ್ ತನ್ನ ಕೆಲಸಕ್ಕೆಂದು ತಂದು ಹಾಲಿನ ಮೂಲೆಯಲ್ಲಿಟ್ಟ ಕಂಪ್ಯೂಟರು.

ಆ ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡ್ ಇತ್ತು. ಬೆಳಗಿನ ಎಂಟರವರೆಗೆ ಎಷ್ಟು ಬಳಸಿದರೂ ಬಿಲ್ಲು ಬರುವುದಿಲ್ಲ ಎಂದು ಮಲ್ಲಿಕ್ ಬಾಯಿ ತಪ್ಪಿ ಹೇಳಿದ್ದೇ ತಡ, ತನುಜಾ ಐದಕ್ಕೆಲ್ಲ ಏಳತೊಡಗಿದಳು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಒಲೆಗಿಟ್ಟು, ಅತ್ತೆ ಏಳುವುದರೊಳಗೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಅತ್ತೆಗೆ ತಿಳಿದದ್ದು ಮೊದಲ ಭಾಗ ಮಾತ್ರ. "ನಮ್ಮ ಸೊಸೆ ಐದು ಗಂಟೆಗೆ ಏಳ್ತಾಳೆ ಕಣ್ರೀ" ಎಂದು ಜಯಶೀಲಮ್ಮ ಕೋಟೆಯ ದೇವಸ್ಥಾನದವರೆಗೂ ಸುದ್ದಿ ಮುಟ್ಟಿಸಿದ್ದರು. ಒಳ್ಳೆಯ ಹೆಸರು ಎಷ್ಟು ಸುಲಭವಾಗಿ ಬರುತ್ತದೆ ನೋಡಿ.

ಅವಳು ಕೂರುತ್ತಿದ್ದದ್ದು ಒಂದು ಆಟದ ಮುಂದೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ತನುಜಾ ಮತ್ತು ಅವಳ ಗೆಳತಿ ಸಫೂರಾ ಅದನ್ನು ಸುಮ್ಮನೆ 'ಊರು' ಎನ್ನುತ್ತಿದ್ದರು. ಸಫೂರಾಳ ಅಣ್ಣ ಹಸ್ನೈನ್ ಭದ್ರಾವತಿಯಲ್ಲಿ ಮನೆಯ ಕೆಳಗೇ ಸೈಬರ್ ಕೆಫೆ ಇಟ್ಟಿದ್ದ. ಮೂರು ವರ್ಷ ಅವರಿಬ್ಬರೂ ಅಲ್ಲೇ ಅಕ್ಕಪಕ್ಕ ಕೂತು ಆಡಿದವರು. ಈಗ ಸಫೂರಾ ಅಲ್ಲಿಂದ, ತನುಜಾ ಇಲ್ಲಿಂದ, ದಿನವೂ ಬೆಳಿಗ್ಗೆ ಆ ಊರಿನ ಹೊಳೆದಂಡೆಯಲ್ಲಿ ಸೇರುತ್ತಿದ್ದರು. ಅಲ್ಲಿ ಯಾರು ಯಾವ ಕಸುಬು ಬೇಕಾದರೂ ಕಲಿಯಬಹುದು: ಮರ ಕಡಿಯುವುದು, ಕಬ್ಬಿಣ ಕರಗಿಸುವುದು, ಮೀನು ಹಿಡಿಯುವುದು, ಅದನ್ನು ಬೇಯಿಸುವುದು. ಮಾಡಿದಷ್ಟೂ ಕೈ ಪಳಗುತ್ತದೆ, ಪಳಗಿದಂತೆ ಅಂಕಿ ಏರುತ್ತದೆ, ತೊಂಬತ್ತೊಂಬತ್ತಾದರೆ ಆ ಕಸುಬು ಪೂರ್ತಿ ಬಂದಂತೆ.

ಇದರಲ್ಲಿ ಅಂಥದ್ದೇನಿದೆ ಎಂದು ಕೇಳುವವರು ಒಮ್ಮೆ ಹೊಸ ಸೊಸೆಯಾಗಿ ನೋಡಬೇಕು. ಬೆಳಿಗ್ಗೆ ತಟ್ಟಿದ ರೊಟ್ಟಿ ಹತ್ತು ಗಂಟೆಗೆ ಖಾಲಿ, ಮಧ್ಯಾಹ್ನ ತೊಳೆದ ಪಾತ್ರೆ ಸಂಜೆಗೆ ಮತ್ತೆ ಮುಸುರೆ. ನಿನ್ನೆ ಮಾಡಿದ್ದು ಇವತ್ತಿಗೆ ಲೆಕ್ಕವಿಲ್ಲ. ಊರಿನಲ್ಲಿ ಮಾತ್ರ ನಿನ್ನೆಯ ಅಂಕಿ ಇವತ್ತಿಗೂ ಅಲ್ಲೇ ಕಾಯುತ್ತಿತ್ತು. ಒಂದು ಅಂಕಿ ಏರಿದ ದಿನ ತನುಜಾ ಮನೆಯನ್ನೆಲ್ಲ ಹಾಡಿಕೊಂಡು ಗುಡಿಸುತ್ತಿದ್ದಳು. ಅದು ಅವಳದೇ ಆದ ಒಂದೇ ಒಂದು ಸಂಗತಿ. ಅದನ್ನು ಯಾರಾದರೂ ಕಿತ್ತುಕೊಂಡಾರು ಎಂಬ ಹೆದರಿಕೆ ಅವಳಿಗೆ ಸದಾ ಇತ್ತು. "ಆ ಊರು ಗೀರು ಎಲ್ಲಾ ಇಲ್ಲೇ ಬಿಟ್ಟು ಹೋಗು. ಆಟ ಆಡೋ ಸೊಸೇನ ಯಾರೂ ಇಟ್ಕಳಲ್ಲ" ಎಂದು ಅಮ್ಮ ಮದುವೆಗೆ ಮುಂಚೆಯೇ ಎಚ್ಚರಿಸಿದ್ದಳು.

ಬಿಟ್ಟು ಬಂದಿರಲಿಲ್ಲ. ಬಿಡದಿದ್ದರೆ ಹೋಗಲಿ, ಅದನ್ನು ಗೋಡೆಯ ಮೇಲೆ ಬರೆದೂ ಇಟ್ಟಿದ್ದಳು. ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಮೇಲಿನ ಮೂಲೆ ಅತ್ತೆಯ ಹಾಲಿನ ಗುರುತಿಗೆ. ಕೆಳಗಿನ ಮೂಲೆಯಲ್ಲಿ ತನುಜಾ ಪೆನ್ಸಿಲ್ಲಿನಿಂದ ಇರುವೆಯಷ್ಟು ಸಣ್ಣಕ್ಷರದಲ್ಲಿ ಆಯಾ ದಿನದ ಅಂಕಿ ಬರೆಯುತ್ತಿದ್ದಳು: ಮೀನು 74, ಅಡುಗೆ 70. ಮೀನು 75. ಮೀನು 76, ಅಡುಗೆ 71. ಕೆಳಗಿನ ಸಾಲಿನ ಒಂದು ಭಾನುವಾರಕ್ಕೆ ಸುತ್ತು ಹಾಕಿ 'ಗುರಿ 80' ಎಂದು ಬರೆದಿದ್ದಳು. ಪೊರೆ ಬಂದ ಕಣ್ಣಿಗೆ ಅದೆಲ್ಲ ಎಲ್ಲಿ ಕಾಣಬೇಕು! ಇನ್ನು 'ಮೀನು' ಎಂಬ ಶಬ್ದ ಅವಳ ಪಾಲಿಗೆ ಯಾವತ್ತೋ ಬರೀ ಒಂದು ಅಂಕಿಯ ಹೆಸರಾಗಿಬಿಟ್ಟಿತ್ತು. ತಾನು ಬರೆಯುತ್ತಿರುವುದು ಲಿಂಗಧಾರಣೆಯಾದವರ ಮನೆಯ ಅಡುಗೆಕೋಣೆಯಲ್ಲಿ, ಅದೂ ಶ್ರಾವಣ ಮಾಸದಲ್ಲಿ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹೊಸ ಕನ್ನಡಕದ ಜಯಶೀಲಮ್ಮ ಅದನ್ನು ಓದಿದ್ದು ಒಂದು ಮಂಗಳವಾರ. ಅವತ್ತಿನಿಂದ ಅವರ ಮುಖ ಗಂಟು ಬಿದ್ದಿತು. ತನುಜಾ ತೊಳೆದಿಟ್ಟ ಬಾಣಲೆಯನ್ನು ಮತ್ತೆ ಎತ್ತಿ ಮೂಸುತ್ತಿದ್ದರು. ಹಿತ್ತಲಿಗೆ ಬೆಕ್ಕು ಬಂದರೆ ಬೆಕ್ಕನ್ನೂ ಸೊಸೆಯನ್ನೂ ಒಟ್ಟಿಗೆ ನೋಡುತ್ತಿದ್ದರು. ಕ್ಯಾಲೆಂಡರಿನ ಹಿಂದಿನ ಹಾಳೆಗಳನ್ನು ತಿರುವಿ ತಿರುವಿ ಏನೋ ಗೊಣಗುತ್ತಿದ್ದರು. ಏನೆಂದು ಕೇಳಿದರೆ ಹಾಳೆ ಬಿಟ್ಟು ಎದ್ದು ಹೋಗುತ್ತಿದ್ದರು. ಗುರುವಾರ ಬೆಳಿಗ್ಗೆ ಭದ್ರಾವತಿಗೆ ಫೋನು ಹೋಯಿತು. "ಬೀಗರೇ, ಒಂದು ಗಳಿಗೆ ಬಂದು ಹೋಗಿ. ನಿಮ್ಮ ಮಗಳ ವಿಷಯ. ಫೋನಲ್ಲಿ ಆಡೋ ಮಾತಲ್ಲ."

ಬಾಗಿಲ ಮರೆಯಲ್ಲಿ ನಿಂತು ಕೇಳಿದ ತನುಜಾ, ಸಿಕ್ಕಿಬಿದ್ದೆ ಅಂದುಕೊಂಡಳು. ಊರು ಹೋಯಿತು, ಹೊಳೆದಂಡೆ ಹೋಯಿತು, ಐದು ಗಂಟೆಗೆ ಏಳುವ ಸೊಸೆಯೆಂಬ ಹೆಸರೂ ಹೋಯಿತು. ಮಲ್ಲಿಕ್ ಹಾವೇರಿ ಕಡೆ ಹೋಗಿದ್ದ. ಇದ್ದಿದ್ದರೆ ಒಂದು ಮಾತಾದರೂ ಆಡುತ್ತಿದ್ದನೋ ಏನೋ.

ಹಾಲಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು, ಹನ್ನೊಂದರ ಹೊತ್ತಿಗೆ ಬಂದರು. ಹಾಲಿನಲ್ಲಿ ಮೂವರೂ ಕೂತರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಜಯಶೀಲಮ್ಮ ಸೊಸೆಯ ಕಡೆ ತಿರುಗಿದರು.

"ನಿಮ್ಮ ಅಪ್ಪನ ಎದುರಿಗೇ ಕೇಳ್ತಿದೀನಿ. ಸುಳ್ಳು ಹೇಳ್ಬೇಡ. ಎಷ್ಟು ದಿನದಿಂದ ನಡೀತಿದೆ ಇದು?"

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ತನುಜಾ ತಲೆ ತಗ್ಗಿಸಿದಳು. "ಮೂರು ವರ್ಷ ಆಯ್ತು ಅತ್ತೆ."

"ಮೂರು ವರ್ಷ!" ಜಯಶೀಲಮ್ಮ ಎದೆಯ ಮೇಲಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡರು. "ಈ ಮನೇಲೂನಾ?"

"ಹೂಂ. ಬೆಳಿಗ್ಗೆ, ನೀವು ಏಳೋಕೆ ಮುಂಚೆ."

"ಒಬ್ಳೇನಾ?"

"ಇಲ್ಲ, ಸಫೂರಾ ಇರ್ತಾಳೆ. ಅವ್ಳು ಹಿಡಿದು ಕೊಡ್ತಾಳೆ, ನಾನು ಬೇಯಿಸ್ತೀನಿ. ಒಂದೊಂದಿನ ನಾನೇ ಹಿಡೀತೀನಿ."

ಜಯಶೀಲಮ್ಮ ಬೀಗರ ಕಡೆ ನೋಡಿದರು. "ನಿಮಗೆ ಗೊತ್ತಿತ್ತಾ ಇದು?"

ಹಾಲಸ್ವಾಮಿಯೂ ಮಗಳಷ್ಟೇ ಪ್ರಾಮಾಣಿಕರು, ಅದೇ ಕಷ್ಟವಾದದ್ದು. "ಗೊತ್ತಿತ್ತು ಅಕ್ಕಾವ್ರೇ. ಮದ್ವೆ ಆದ್ಮೇಲೆ ಬಿಡ್ತಾಳೆ ಅನ್ಕೊಂಡಿದ್ದೆ. ನಾನೂ ಎಷ್ಟೋ ಸಲ ಪಕ್ಕದಲ್ಲಿ ಕೂತು ನೋಡಿದೀನಿ. ಒಂದೆರಡು ಸಲ ಕೈಯೂ ಹಾಕಿದೀನಿ, ಸುಳ್ಳು ಯಾಕೆ ಹೇಳ್ಲಿ."

"ನೀವೂನಾ ಬೀಗರೇ!"

"ಮೊದಮೊದ್ಲು ಎಲ್ಲಾ ಸುಟ್ಟು ಕರಕಲು ಮಾಡ್ತಿದ್ಲು. ಈಗ ಕೈ ಪಳಗಿದೆ, ಹತ್ತು ಬೇಯಿಸಿದ್ರೆ ಒಂದೂ ಸುಡಲ್ಲ" ಎಂದು ಹಾಲಸ್ವಾಮಿ ಮಗಳ ಪರ ವಹಿಸಿ ಮಾತಾಡಿದರು. ಅವರ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. "ತಿನ್ನೋದಕ್ಕಿಂತ ಮಾರೋದೇ ಜಾಸ್ತಿ ಅಲ್ವೇನಮ್ಮಾ?"

"ಮಾರ್ತಾಳಾ?" ಜಯಶೀಲಮ್ಮ ಅರ್ಧ ಎದ್ದು ನಿಂತರು. "ವಿನೋಬನಗರದಲ್ಲಾ? ಯಾರಿಗೆ? ಅಯ್ಯೋ ಶಿವನೇ, ಶ್ರಾವಣ ಸೋಮವಾರನೂ ಬಿಟ್ಟಿಲ್ವಲ್ಲೇ ನೀನು! ಎಪ್ಪತ್ತಾರು ಅಂತ ಬರ್ದಿದೀಯ! ಸಾಲದೂ ಅಂತ ಎಂಬತ್ತು ಮುಟ್ಟಿಸ್ಬೇಕು ಅಂತ ಗುರಿ ಬೇರೆ! ಲಿಂಗ ಕಟ್ಟಿಕೊಂಡೋರ ಮನೇಲಿ, ನಾನು ಪೂಜೆಗೆ ಹಾಲು ಕಾಯ್ಸೋ ಒಲೆ ಮೇಲೆ ಮೀನು ಬೇಯಿಸ್ತೀಯಲ್ಲೇ!"

ತನುಜಾ ತಲೆ ಎತ್ತಿದಳು. "ಮೀನಾ?"

"ಇನ್ನೇನು ಮತ್ತೆ? ಗೋಡೆ ಮೇಲೆ ನೀನೇ ಬರೆದಿದೀಯಲ್ಲ!"

ಹಾಲಸ್ವಾಮಿ ಮಗಳ ಮುಖ ನೋಡಿದರು, ಬೀಗಿತ್ತಿಯ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ನಿಲ್ಲಿಸಲು ನೋಡಿದರು, ಆಗಲಿಲ್ಲ. ತನುಜಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಅತ್ತೆ, ನಿಜವಾದ ಮೀನಲ್ಲ ಅದು, ಆಟದ್ದು. ಬನ್ನಿ ತೋರಿಸ್ತೀನಿ" ಎಂದು ಅವರ ಕೈ ಹಿಡಿದು ಎಬ್ಬಿಸಿದಳು. ಎಂಟು ಗಂಟೆ ಯಾವಾಗಲೋ ಕಳೆದಿತ್ತು. ಬಿಲ್ಲಿನ ಮಾತು ಅವಳಿಗೆ ನೆನಪಾಗಲೇ ಇಲ್ಲ.

ಪರದೆಯ ಮೇಲೆ ಹೊಳೆದಂಡೆ ಕಂಡಿತು. ಕೆಂಪು ಕೂದಲಿನ ಒಂದು ಬೊಂಬೆ ಗಾಳ ಹಿಡಿದು ನಿಂತಿತ್ತು. ಜಯಶೀಲಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು.

"ಇದು ಯಾರು?"

"ನಾನು."

"ನೀನಾ? ಸೀರೆ ಎಲ್ಲಿ?"

"ಅಲ್ಲಿ ಸೀರೆ ಸಿಗಲ್ಲ ಅತ್ತೆ."

ಬೊಂಬೆ ಗಾಳ ಎಳೆಯಿತು. ಬಂದ ಮೀನು ಉಗುರಿಗಿಂತ ದೊಡ್ಡದಿರಲಿಲ್ಲ. ಜಯಶೀಲಮ್ಮ ಪರದೆಗೆ ಮೂಗು ತಾಗುವಷ್ಟು ಮುಂದೆ ಹೋಗಿ, ಮೂಸಿಯೇ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು, "ಇಷ್ಟೇನಾ? ಇಷ್ಟೇನೇನೇ ಮಾರಾಯ್ತಿ? ನಾನು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ ಕಣೇ!" ಎಂದರು. ಹೋದ ಜೀವ ಬಂದಂತಾಗಿತ್ತು ಅವರಿಗೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಅಕ್ಕಾವ್ರೇ, ಆಪರೇಷನ್ ಆದ ಕಣ್ಣು" ಎಂದು ಹಾಲಸ್ವಾಮಿ ಎಚ್ಚರಿಸಿದರು. "ಅಳಬಾರ್ದು ಅಂದಿದಾರೆ ಡಾಕ್ಟ್ರು, ನಗಬೇಡಿ ಅಂದಿಲ್ಲ" ಎಂದು ಅವರು ಸೆರಗಿನಿಂದ ಕೆನ್ನೆ ಒರೆಸಿಕೊಂಡರು.

ಹಾಲಸ್ವಾಮಿ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟರು. ಮನೆ ಮತ್ತೆ ಇಬ್ಬರದಾಯಿತು. ಮೀನಿನ ಭಯವೇನೋ ಅತ್ತೆಯನ್ನು ಬಿಟ್ಟು ಹೋಗಿತ್ತು, ಸೊಸೆಯ ಭಯ ಹಾಗೇ ಇತ್ತು. ಆಟದ ಬಗ್ಗೆ ಅತ್ತೆ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಸಂಜೆ ಬೀನ್ಸ್ ಹೆಚ್ಚುತ್ತಿದ್ದಾಗ ಒಂದೇ ಒಂದು ಮಾತು ಕೇಳಿದರು: "ಎಂಬತ್ತಾದ್ರೆ ಏನಾಗುತ್ತೆ?"

"ದೋಣಿ ಕೊಡ್ತಾರೆ ಅತ್ತೆ. ಆಚೆ ದಡಕ್ಕೆ ಹೋಗ್ಬಹುದು. ನಾವಿಬ್ರೂ ಇನ್ನೂ ಆಚೆ ದಡ ನೋಡಿಲ್ಲ."

ಜಯಶೀಲಮ್ಮ ಬೀನ್ಸ್ ಹೆಚ್ಚಿ ಮುಗಿಸಿ ಎದ್ದು ಹೋದರು. ಅದರಿಂದ ತನುಜಾಳಿಗೆ ಏನೂ ಗೊತ್ತಾಗಲಿಲ್ಲ.

ಮರುದಿನವೂ ಅವಳಿಗೆ ಐದಕ್ಕೇ ಎಚ್ಚರವಾಯಿತು. ನೀರು ಹಾಕಿ, ರಂಗೋಲಿ ಎಳೆದು ಒಳಗೆ ಬಂದಳು. ಕಂಪ್ಯೂಟರ್ ಕಡೆ ನೋಡಿದಳೇ ಹೊರತು ಮುಟ್ಟಲಿಲ್ಲ. ಅತ್ತೆ ಬೇಡ ಎನ್ನುವ ಮೊದಲೇ ತಾನೇ ಬಿಟ್ಟರೆ ಮರ್ಯಾದೆಯಾದರೂ ಉಳಿದೀತು ಅಂದುಕೊಂಡಳು. ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಿಬಿಡೋಣವೆಂದು ರಬ್ಬರ್ ಹುಡುಕಿಕೊಂಡು ಅಡುಗೆಮನೆಯ ದೀಪ ಹಾಕಿದಳು.

ಕ್ಯಾಲೆಂಡರಿನಲ್ಲಿ ಒಂದೂ ಮೀನಿರಲಿಲ್ಲ. ಪ್ರತಿ ಚೌಕದಲ್ಲೂ 'ಮೀ' ಎಂಬ ಅಕ್ಷರವನ್ನು ನೀಲಿ ಬಾಲ್‌ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ದಪ್ಪಗೆ 'ಜೇ' ಎಂದು ಬರೆಯಲಾಗಿತ್ತು. ಜೇನು 74. ಜೇನು 75. ಜೇನು 76. ಅಂಕಿಗಳನ್ನು ಯಾರೂ ಮುಟ್ಟಿರಲಿಲ್ಲ. ಅವತ್ತಿನ ಶುಕ್ರವಾರದ ಚೌಕದಲ್ಲಿ, ತಾನು ಏನೂ ಬರೆಯದ ಜಾಗದಲ್ಲಿ, ಅತ್ತೆಯ ಕೈಬರಹದಲ್ಲಿ 'ಜೇನು 77' ಎಂದಿತ್ತು.

ತನುಜಾ ರಬ್ಬರನ್ನು ಗೂಡಿನಲ್ಲಿಟ್ಟಳು. ಅತ್ತೆಯ ಕೋಣೆಯಿಂದ ನಿದ್ದೆಗಣ್ಣಿನ ದನಿ ಬಂತು. "ಶ್ರಾವಣದ ಪೂಜೆಗೆ ಹೆಂಗಸರು ಬರ್ತಾರೆ. ಗೋಡೆ ಮೇಲೆ ಮೀನು ಅಂತಿದ್ರೆ ಏನು ಚೆನ್ನ? ಹೋಗು, ಎಂಟು ಗಂಟೆ ಒಳಗೆ ಮುಗಿಸ್ಕೊ. ಹಾಲು ನಾನು ನೋಡ್ಕೋತೀನಿ."

ಅವತ್ತು ಎಪ್ಪತ್ತೇಳು ಆಗಲಿಲ್ಲ. ಪರದೆ ಮಂಜಾಗಿ ಕಾಣುತ್ತಿತ್ತು, ಅವಳ ಗಾಳಕ್ಕೆ ಮೀನೇ ಬೀಳಲಿಲ್ಲ. ಆಚೆಯಿಂದ ಸಫೂರಾ ಏನಾಯಿತೆಂದು ಕೇಳಿ ಕೇಳಿ ಸುಸ್ತಾದಳು. ಶನಿವಾರ ಆಯಿತು. ಎಂಬತ್ತು ಆದದ್ದು ಅದರ ಮುಂದಿನ ವಾರ, ಸುತ್ತು ಹಾಕಿದ ಆ ಭಾನುವಾರವೇ, ಎಂಟಕ್ಕೆ ಐದೇ ನಿಮಿಷ ಇರುವಾಗ. ಜಯಶೀಲಮ್ಮ ಕುರ್ಚಿಯ ಹಿಂದೆ ನಿಂತು ದೋಣಿ ನೋಡಿದರು. ಇಬ್ಬರಿಗೆ ಸಣ್ಣದಾಯಿತು ಎಂದರು.

ಮರುದಿನ ಸೋಮವಾರದ ಪೂಜೆ. ಪಕ್ಕದ ಮನೆಯ ಪುಟ್ಟಲಕ್ಷ್ಮಿ ಪ್ರಸಾದದ ತಟ್ಟೆ ಹಿಡಿದು ಅಡುಗೆಮನೆಗೆ ಬಂದವರು ಕ್ಯಾಲೆಂಡರ್ ಮುಂದೆ ನಿಂತುಬಿಟ್ಟರು. ಪರರ ಗೋಡೆ ಓದುವುದರಲ್ಲಿ ಅವರ ಕಣ್ಣಿಗೆ ಯಾವ ಪೊರೆಯೂ ಇರಲಿಲ್ಲ.

"ಏನ್ರೀ ಜಯಶೀಲಾ ಇದು, ಜೇನು ಎಂಬತ್ತು?"

ಪಾಯಸ ಬಡಿಸುತ್ತಿದ್ದ ತನುಜಾಳ ಸೌಟು ನಿಂತಿತು. ಜಯಶೀಲಮ್ಮ ಮಾತ್ರ ಕಣ್ಣು ಕೂಡ ಮಿಟುಕಿಸಲಿಲ್ಲ.

"ನಮ್ಮ ಸೊಸೆ ಜೇನು ಸಾಕ್ತಾಳೆ. ಅದಕ್ಕೇ ಐದು ಗಂಟೆಗೆ ಏಳೋದು. ನಿನ್ನೆ ಎಂಬತ್ತಾಯ್ತು."

"ಹೌದಾ! ಹಂಗಾದ್ರೆ ನಮ್ಗೂ ಒಂದು ಬಾಟ್ಲಿ ಕೊಡ್ರೀ."

"ಇನ್ನೂ ಎಳೇದು ರೀ" ಎಂದರು ಜಯಶೀಲಮ್ಮ. ಹಾಗೆನ್ನುತ್ತಲೇ ಕನ್ನಡಕದ ಮೇಲಿನಿಂದ ಸೊಸೆಯ ಕಡೆ ನೋಡಿದರು. "ತೊಂಬತ್ತಾಗ್ಲಿ. ಆಮೇಲೆ ನೋಡಣ."